ಮಾರಮ್ಮನಿಗೆ ಬೆರಳು ತೋರಿಸಿದೆ

ಕೋಡಿ ಮಾರಮ್ಮನನ್ನು ನಂಬಿದ ಎಲ್ಲರಿಗೂ ಸರೋಜಳ ನಮಸ್ಕಾರ. ತಾಯಿ ನನ್ನ ಕಣ್ಣು ಕಿತ್ತುಕೊಂಡಳು ಎಂದು ಹೇಳುವವರು ನಮ್ಮೂರಲ್ಲಿ ಇವತ್ತಿಗೂ ಒಬ್ಬಿಬ್ಬರಿದ್ದಾರೆ. ಅದು ಸುಳ್ಳು. ತಾಯಿಯ ಮೇಲೆ ಹೊರಿಸಿದ ಸುಳ್ಳನ್ನು ಕೇಳಿಕೊಂಡು ಸುಮ್ಮನಿರುವ ಜಾಯಮಾನ ನನ್ನದಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ಪೀಣ್ಯದಲ್ಲಿ ನಮ್ಮ ರಾಗಿ ಹೊಲ ಕೈಗಾರಿಕೆಗೆ ಹೋಗಿತ್ತು. ಅದೇ ಹೊಲದ ಮೇಲೆ ಎದ್ದ ಕಾರ್ಖಾನೆಯಲ್ಲಿ ಅಪ್ಪ ಗ್ರೈಂಡಿಂಗ್ ಕೆಲಸಕ್ಕೆ ಸೇರಿದ್ದರು. ಕಾರ್ಖಾನೆಯ ಹಿಂದಿನ ಹಳೆಯ ಕಲ್ಲುಕ್ವಾರಿಯಲ್ಲಿ ಕಾರ್ಮಿಕರ ಮಕ್ಕಳಿಗೆಂದು ಒಂದು ರೈಫಲ್ ಕ್ಲಬ್ ನಡೆಯುತ್ತಿತ್ತು. ಸೈನ್ಯದಿಂದ ನಿವೃತ್ತರಾಗಿ ಕಾರ್ಖಾನೆಯ ಕಾವಲಿನ ಮುಖ್ಯಸ್ಥರಾಗಿದ್ದ ಹವಾಲ್ದಾರ್ ಮುನಿಸ್ವಾಮಿಯವರು ನಮಗೆ ಕಲಿಸುತ್ತಿದ್ದರು. ಭಾನುವಾರ ಬೆಳಿಗ್ಗೆ ಚಾಪೆಯ ಮೇಲೆ ಬೋರಲು ಮಲಗಿ, ರೈಫಲನ್ನು ಬಲಭುಜಕ್ಕೆ ಒತ್ತಿ, ಐವತ್ತು ಮೀಟರ್ ದೂರದ ಕಾರ್ಡಿನ ಕಪ್ಪು ಚುಕ್ಕಿಗೆ ಹೊಡೆಯಬೇಕು. ಹನ್ನೆರಡು ಹುಡುಗರ ನಡುವೆ ನಾನೊಬ್ಬಳೇ ಹುಡುಗಿ, ವಯಸ್ಸು ಹದಿನಾರು. ಎರಡು ವರ್ಷ ಕಲಿತರೂ ನನ್ನ ಗುರಿ ಅಷ್ಟಕ್ಕಷ್ಟೆ. ಆದರೆ ಆ ಚಾಪೆಯ ಮೇಲೆ ಮಲಗಿದ್ದಾಗ ಬೈಯುವವರಿಲ್ಲ, ಕರೆಯುವವರಿಲ್ಲ, ನಾನು ಮತ್ತು ಆ ಚುಕ್ಕಿ ಮಾತ್ರ. ದಸರಾ ಮುಗಿದ ಮೇಲೆ ರಾಜ್ಯದ ಪಂದ್ಯಕ್ಕೆ ಕ್ಲಬ್ಬಿನಿಂದ ನಾಲ್ಕು ಮಂದಿ ಕಿರಿಯರನ್ನು ಆರಿಸುವವರಿದ್ದರು. ಆ ನಾಲ್ವರಲ್ಲಿ ನಾನಿರಬೇಕು ಎಂಬುದೊಂದೇ ನನ್ನ ಆಸೆಯಾಗಿತ್ತು.

ಆ ವರ್ಷದ ಜ್ಯೇಷ್ಠ ಮಾಸದಲ್ಲಿ ಅಪ್ಪನಿಗೆ ಊಟ ಕೊಡಲು ಶೆಡ್ಡಿಗೆ ಹೋಗಿದ್ದೆ. ಗ್ರೈಂಡಿಂಗ್ ಚಕ್ರದಿಂದ ಹಾರಿದ ಕಬ್ಬಿಣದ ಕಿಡಿ ಬಂದು ನನ್ನ ಬಲಗಣ್ಣಿಗೆ ಹೊಕ್ಕಿತು. ನಾನೂ ದಡ್ಡಿ, ಉಜ್ಜಿಕೊಂಡೆ. ಮನೆಯಲ್ಲಿ ಎರಡು ದಿನ ಹರಳೆಣ್ಣೆ, ಎದೆಹಾಲು ಎಂದು ಏನೇನೋ ಬಿಟ್ಟರು. ಮೂರನೆಯ ದಿನ ಕಣ್ಣು ಟೊಮೆಟೊ ಹಣ್ಣಿನ ಹಾಗೆ ಊದಿಕೊಂಡಾಗ ಅವ್ವ ನನ್ನನ್ನು ತುಮಕೂರು ರಸ್ತೆಯವರೆಗೆ ನಡೆಸಿಕೊಂಡು ಹೋಗಿ, ಬಸ್ಸಿನಲ್ಲಿ ನಿಲ್ಲಿಸಿ, ಮೆಜೆಸ್ಟಿಕ್‌ನಲ್ಲಿ ಇನ್ನೊಂದು ಬಸ್ಸು ಹತ್ತಿಸಿ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದಳು. ಹೀಗೆ ಮೂರು ವಾರ ಅಲೆದೆವು. ಕೊನೆಗೆ ಡಾಕ್ಟರು ಕಬ್ಬಿಣವೇನೋ ತೆಗೆದಾಯಿತು, ಗುಡ್ಡೆಯ ಮೇಲೆ ಕಲೆ ಉಳಿದಿದೆ, ಬೆಳಕು, ಆಕಾರ ಕಾಣುತ್ತದೆ, ಸಣ್ಣದೇನೂ ಕಾಣುವುದಿಲ್ಲ ಎಂದರು. ಐವತ್ತು ಮೀಟರಿನಲ್ಲಿ ಚುಕ್ಕಿ ಕಾಣುತ್ತದೆಯೇ ಎಂದು ಕೇಳಿದೆ. ಅವರು ನನ್ನನ್ನು ಬಿಟ್ಟು ಅವ್ವನ ಮುಖ ನೋಡಿ, "ಇವಳಿಗೆ ಅದ್ಯಾಕಮ್ಮಾ?" ಎಂದರು. ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಸಿಕ್ಕಿತ್ತು. ಕಿಟಕಿಯ ಕಡೆ ಮುಖ ಮಾಡಿ ಯಶವಂತಪುರದವರೆಗೂ ಅತ್ತೆ.

ಗಾಯದ ಮೇಲೆ ಬರೆ ಎಳೆದವರು ನನ್ನ ದೊಡ್ಡಪ್ಪ. ಅಪ್ಪನ ಅಣ್ಣ, ಕೋಡಿ ಮಾರಮ್ಮನ ಪೂಜಾರಿ. ಅವರ ಮಾತಿಗೆ ಊರಲ್ಲಿ ಎದುರಿಲ್ಲ. ಮನೆಗೆ ಬಂದು ಜಗಲಿಯ ಮೇಲೆ ಕೂತು ತೀರ್ಪು ಕೊಟ್ಟೇಬಿಟ್ಟರು.

"ಎಣ್ಮಗ ಬಂದೂಕ ಇಡುದ್ರೆ ಅಮ್ಮ ಸುಮ್ಕಿರ್ತಾಳಾ? ಕಣ್ಣು ಇಸ್ಕೊಂಡವ್ಳೆ. ಶುಕ್ರವಾರ ಬಂದು ತಪ್ಪುಕಾಣಿಕೆ ಆಕ್ಲಿ, ಇನ್ ಮುಟ್ಟಲ್ಲ ಅಂತ ಆಣೆ ಇಡ್ಲಿ. ಇನ್ನೊಂದು ಕಣ್ಣಾರ ಉಳ್ಕಂತದೆ."

ಅಪ್ಪ ಕೋಲೆ ಬಸವನ ಹಾಗೆ ತಲೆಯಾಡಿಸಿದರು. ಕಿಡಿ ಹಾರಿದ್ದು ಅವರ ಚಕ್ರದಿಂದ. ಬೀದಿಯ ಹೆಂಗಸರು ನನ್ನನ್ನು ಕಂಡರೆ ತಮ್ಮ ಹೆಣ್ಣುಮಕ್ಕಳನ್ನು ಒಳಗೆ ಕರೆದುಕೊಳ್ಳತೊಡಗಿದರು. ನನ್ನ ಕಣ್ಣು ಹೋದದ್ದಕ್ಕಿಂತ ಇದು ನನಗೆ ಹೆಚ್ಚು ಉರಿಯಿತು. ನಾನು ಆಣೆಯಿಟ್ಟರೆ ದೊಡ್ಡಪ್ಪನ ಮಾತು ನಿಜವಾಗಿಬಿಡುತ್ತದೆ. ನಾನು ತಪ್ಪಿತಸ್ಥಳು, ತಾಯಿ ತನ್ನ ಮಕ್ಕಳ ಕಣ್ಣು ಕೀಳುವವಳು ಎಂದಾಗುತ್ತದೆ. ಎರಡನ್ನೂ ಒಪ್ಪಲು ನಾನು ಸಿದ್ಧಳಿರಲಿಲ್ಲ.

ಆಷಾಢದ ಮೊದಲ ಶುಕ್ರವಾರ ಬೆಳಿಗ್ಗೆ ಗುಡಿ ತುಂಬಿತ್ತು. ಅವ್ವ ಹಳದಿ ಬಟ್ಟೆಯಲ್ಲಿ ಕಾಣಿಕೆ ಕಟ್ಟಿ ನನ್ನ ಕೈಗಿಟ್ಟಳು. ಬಲಗಣ್ಣಿಗೆ ಆಸ್ಪತ್ರೆಯ ಹಸಿರು ಬಟ್ಟೆ ಕಟ್ಟಿತ್ತು. ದೊಡ್ಡಪ್ಪ ಆಣೆಯ ಮಾತನ್ನು ಹೇಳಿಕೊಡತೊಡಗಿದರು. ನಾನು ಹೇಳಲಿಲ್ಲ. ಗಂಟನ್ನು ಅವ್ವನ ಕೈಗೇ ಹಿಂತಿರುಗಿಸಿ, ಬಲಗೈ ನೀಡಿ ತಾಯಿಯ ಮುಖಕ್ಕೆ ಬೆರಳು ತೋರಿಸಿದೆ.

"ನಾನೇನ್ ತಪ್ಪು ಮಾಡ್ದೆ, ನೀನೇ ಹೇಳು. ನಿನ್ ಕೈಲಿ ಕತ್ತಿ ಇಲ್ವಾ? ನನ್ ಕಣ್ಣು ನೀನೇ ತಗೊಂಡ್ಯಾ?"

ದೊಡ್ಡಪ್ಪ ಕೈ ಇಳಿಸು ಎಂದು ಗದರಿದರು. ನಾನು ಇಳಿಸಲಿಲ್ಲ. ಆಗಲೇ ನೋಡಿದ್ದು: ನನ್ನ ಬೆರಳ ತುದಿ ತಾಯಿಯ ಹಣೆಯ ಕುಂಕುಮದ ಬೊಟ್ಟಿನ ಮೇಲೆ ಸರಿಯಾಗಿ ಕೂತಿತ್ತು. ಎಡಗಣ್ಣಿನಲ್ಲಿ ನೋಡುತ್ತಿದ್ದೆ, ಅಲುಗಾಟವೇ ಇಲ್ಲ. ಎರಡು ವರ್ಷ ಬಲಗಣ್ಣಿನಲ್ಲಿ ಗುರಿ ಹಿಡಿದಾಗ ಒಂದು ದಿನವೂ ಅಷ್ಟು ಸ್ಥಿರವಾಗಿ ಕಂಡಿರಲಿಲ್ಲ. ಹಸಿರು ಬಟ್ಟೆಯನ್ನು ಕಿತ್ತೆ. ಬಲಗಡೆಯೆಲ್ಲ ಮಂಜು, ಬೆರಳು ಮಾತ್ರ ಬೊಟ್ಟಿನ ಮೇಲೆಯೇ ಇತ್ತು. ಎಡಗಣ್ಣು ಮುಚ್ಚಿದೆ, ಬೆರಳು ಪಕ್ಕದ ಕಂಬಕ್ಕೆ ಹಾರಿತು. ತೆರೆದೆ, ಮತ್ತೆ ಬೊಟ್ಟಿಗೆ ಬಂದು ನಿಂತಿತು. ಆಣೆಯನ್ನೂ ದೊಡ್ಡಪ್ಪನನ್ನೂ ಅಲ್ಲೇ ಬಿಟ್ಟು ಕ್ವಾರಿಯ ಕಡೆ ಓಡಿದೆ.

ಹವಾಲ್ದಾರರು ನನ್ನ ಮಾತನ್ನೆಲ್ಲ ಕೇಳಿ, ಅದನ್ನೇ ತಮ್ಮೆದುರು ಮೂರು ಸಲ ಮಾಡಿಸಿ ನೋಡಿದರು. ಆಮೇಲೆ ಕಾರ್ಡಿನ ಪೆಟ್ಟಿಗೆಯ ಮೇಲೆ ಕೂತು ವಿವರಿಸಿದರು. ನಮಗೆ ಒಂದು ಕೈ ಮುಂದಾಳಾಗಿರುವ ಹಾಗೆ ಒಂದು ಕಣ್ಣೂ ಮುಂದಾಳಂತೆ. ಬಹಳ ಜನರಿಗೆ ಎರಡೂ ಒಂದೇ ಕಡೆ. ಕೆಲವರಿಗೆ ಕೈ ಬಲ, ಕಣ್ಣು ಎಡ. ನಾನು ಆ ಕೆಲವರಲ್ಲಿ ಒಬ್ಬಳು.

"ಎರಡೂ ಕಣ್ಣು ಬಿಟ್ರೆ ಗುರಿ ಹಾರ್ತದೆ ಸಾರ್ ಅಂತ ನೀನು ಮೊದಲ್ನೇ ದಿನಾನೇ ಅಂದಿದ್ದೆ," ಎಂದರು. "ನಾನು ಎಡಗಣ್ಣಿಗೆ ರಟ್ಟು ಕಟ್ಟಿಸ್ದೆ. ಯಜಮಾನನ್ನ ಕಟ್ಟಾಕಿ ಆಳಿನ ಕೈಲಿ ಕೆಲಸ ಮಾಡಿಸ್ದಂಗಾಯ್ತು ಕಣಮ್ಮಾ. ತಪ್ಪು ನಂದು."

ಅಂದಿನಿಂದ ಎಲ್ಲವೂ ತಿರುಗುಮುರುಗು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂಬ ಗಾದೆ ನನಗೇ ಮಾಡಿಸಿದಂತಿತ್ತು. ರೈಫಲ್ ಎಡಭುಜಕ್ಕೆ, ಅದನ್ನು ತೋಳಿಗೆ ಬಿಗಿಯುವ ಪಟ್ಟಿ ಬಲತೋಳಿಗೆ. ಗುಂಡು ತುಂಬಲು ಎಳೆಯುವ ಬೋಲ್ಟ್ ಇರುವುದು ಬಲಗೈಯವರಿಗಾಗಿ, ಬಲಗಡೆ. ಒಂದೊಂದು ಗುಂಡು ಹಾಕುವಾಗಲೂ ಎಡಗೈಯನ್ನು ಮೇಲಿನಿಂದ ದಾಟಿಸಿ ಎಳೆಯಬೇಕು. ಮೊಣಕೈ ಚರ್ಮ ಕಿತ್ತುಬಂತು. ಮೊದಲ ತಿಂಗಳು ನನ್ನ ಗುಂಡುಗಳು ಪಕ್ಕದವನ ಕಾರ್ಡಿಗೆ ಹೋಗಿ ಬೀಳುತ್ತಿದ್ದವು. ಹುಡುಗರು ಸರೋಜ ದಾನಶೂರೆ, ತನಗಿಲ್ಲದಿದ್ದರೂ ಬೇರೆಯವರಿಗೆ ಕೊಡುತ್ತಾಳೆ ಎಂದು ಆಡಿಕೊಂಡು ನಗುತ್ತಿದ್ದರು. ನಗಲಿ ಎಂದು ಬಿಟ್ಟೆ. ದೊಡ್ಡಪ್ಪ ನಮ್ಮ ಮನೆಯವರೊಡನೆ ಮಾತು ಬಿಟ್ಟಿದ್ದರು. ಅಪ್ಪ ಮಾತ್ರ ಒಂದು ಭಾನುವಾರ ಕ್ವಾರಿಗೆ ಬಂದು, ನನ್ನ ಮೊಣಕೈಗೆ ಹಳೆಯ ಗೋಣಿಯ ಮೆತ್ತೆ ಕಟ್ಟಿ ಹೋದರು.

ಆಯ್ಕೆಯ ದಿನ ಕ್ಲಬ್ಬಿನ ಕಾರ್ಯದರ್ಶಿ ತಡೆದರು. ಒಂದೇ ಕಣ್ಣಿನ ಹುಡುಗಿ, ನಾಳೆ ಏನಾದರೂ ಆದರೆ ಜವಾಬ್ದಾರಿ ಯಾರದು, ಮುಂದಿನ ವರ್ಷ ನೋಡೋಣ ಎಂದರು. ನನಗೆ ಪಿತ್ತ ನೆತ್ತಿಗೇರಿತು.

"ಸಾರ್, ಗುರಿ ಇಡೋಕೆ ಇಲ್ಲಿ ಯಾರು ಎರಡು ಕಣ್ಣು ಬಳಸ್ತಾರೆ ತೋರ್ಸಿ," ಎಂದೆ.

ಹವಾಲ್ದಾರರು ಕೆಮ್ಮಿದ ಹಾಗೆ ಮಾಡಿ ನಕ್ಕರು. ಕಾರ್ಯದರ್ಶಿ ಚಾಪೆಯ ಕಡೆ ಕೈ ತೋರಿಸಿದರು.

ಮಲಗಿದೆ. ಸಂಕಟ ಬಂದಾಗ ವೆಂಕಟರಮಣ ಎನ್ನುತ್ತಾರೆ, ನಾನು ಆ ಹೊತ್ತಿನಲ್ಲಿ ಏನನ್ನೂ ಬೇಡಲಿಲ್ಲ. ನೋಡ್ತಿರು ತಾಯಿ, ಎಂದಷ್ಟೇ ಹೇಳಿದೆ. ಹತ್ತು ಗುಂಡು. ಐದನೆಯದರ ಹೊತ್ತಿಗೆ ಬೆವರು ಕಣ್ಣಿಗಿಳಿಯಿತು. ಕಾದೆ, ಉಸಿರು ಬಿಟ್ಟೆ, ಚುಕ್ಕಿ ಬಂದು ಕೂತಿತು, ಒತ್ತಿದೆ. ಕೊನೆಯದನ್ನು ಹೊಡೆದು ಎದ್ದೆ. ಹವಾಲ್ದಾರರು ಕಾರ್ಡು ತಂದು ಎಲ್ಲರೆದುರು ಹಿಡಿದರು. ಏಳು ತೂತು ನಡುವಿನಲ್ಲೇ ಒಂದನ್ನೊಂದು ಮುಟ್ಟಿಕೊಂಡಿದ್ದವು. ನಾಲ್ವರಲ್ಲಿ ನನ್ನ ಹೆಸರು ಎರಡನೆಯದಾಗಿ ಬಂತು. ದಾನಶೂರೆ ಎಂದವರೇ ಮೊದಲು ಚಪ್ಪಾಳೆ ಹೊಡೆದರು.

ಮುಂದಿನ ಶುಕ್ರವಾರ ಗುಡಿಗೆ ಹೋದೆ. ಕಣ್ಣುಬೇನೆ ವಾಸಿಯಾದವರು ತಾಯಿಗೆ ಬೆಳ್ಳಿಯ ಜೋಡಿ ಕಣ್ಣು ಒಪ್ಪಿಸುವುದು ನಮ್ಮಲ್ಲಿನ ಪದ್ಧತಿ. ನಾನು ಒಂದೇ ಕಣ್ಣು ಮಾಡಿಸಿ ತಟ್ಟೆಯಲ್ಲಿಟ್ಟಿದ್ದೆ. ದೊಡ್ಡಪ್ಪ ಅದನ್ನು ಕೈಗೆತ್ತಿಕೊಂಡರು.

"ಕಣ್ಣು ವಾಸಿಯಾಗ್ಲಿಲ್ವಲ್ಲವ್ವಾ, ಮತ್ಯಾಕೆ ಕೊಡ್ತೀಯಾ?"

"ಹೋದ ಕಣ್ಣಿಗಲ್ಲ ದೊಡ್ಡಪ್ಪ. ಇದ್ದ ಕಣ್ಣಿಗೆ."

ನಮ್ಮ ಹಿಂದೆ ಬೀದಿಯ ಹೆಂಗಸರೆಲ್ಲ ಸಾಲಾಗಿ ನಿಂತಿದ್ದರು. ದೊಡ್ಡಪ್ಪ ಬೆಳ್ಳಿಯ ಕಣ್ಣನ್ನು ತಾಯಿಯ ಪಾದದ ಬಳಿ ಇಟ್ಟು, ಸೊಂಟದಿಂದ ಒಂದು ನಾಣ್ಯ ಬಿಚ್ಚಿ ಹುಂಡಿಗೆ ಹಾಕಿದರು. ಆಮೇಲೆ ಆ ಸಾಲಿನ ಕಡೆ ತಿರುಗಿ, "ಇವ್ಳ ಕಣ್ಣು ಅಮ್ಮ ತಕ್ಕಂಡಿಲ್ಲ ಕಣ್ರವ್ವಾ. ನಾನೇ ಸುಳ್ಳು ಏಳ್ದೆ. ಈಗ ಆಕಿದ್ದು ನನ್ ತಪ್ಪುಕಾಣಿಕೆ," ಎಂದರು.

ಭಕ್ತರೇ, ನನ್ನ ಬಲಗಣ್ಣು ಇವತ್ತಿಗೂ ಮಂಜು. ತಾಯಿ ಕೊಡದೇ ಇದ್ದದ್ದನ್ನು ಕೊಟ್ಟಳೆಂದು ನಾನು ಬರೆಯುವುದಿಲ್ಲ. ತಲೆ ತಗ್ಗಿಸಿ ಬೇಡುವವರನ್ನು ಅವಳು ಕಾಯುತ್ತಾಳೆ, ನನಗೆ ಗೊತ್ತು. ತಲೆಯೆತ್ತಿ ಜಗಳಕ್ಕೆ ನಿಂತವಳನ್ನೂ ಮಗಳೆಂದೇ ಕಂಡಳು. ಆ ಋಣಕ್ಕೆ ನಾನು ಸಾಯುವವರೆಗೂ ಅವಳವಳು. ನಿಮ್ಮ ಮನೆಯ ಹೆಣ್ಣುಮಗಳಿಗೆ ಏನಾದರೂ ಕೇಡಾದಾಗ ಅಮ್ಮನೇ ಶಿಕ್ಷೆ ಕೊಟ್ಟಳೆಂದು ಯಾರಾದರೂ ಹೇಳಿದರೆ, ನಂಬಬೇಡಿ. ಆ ಹುಡುಗಿಯನ್ನೇ ಗುಡಿಗೆ ಕರೆದುಕೊಂಡು ಬಂದು ಅಮ್ಮನ ಮುಂದೆ ನಿಲ್ಲಿಸಿ, ಕೇಳುವುದನ್ನು ಅವಳೇ ಕೇಳಲಿ.