ತಾಮ್ರ ತಿಂದ ನೀರು

ನಗುವಾಗ ಅವರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳು, ಎಷ್ಟು ಉಜ್ಜಿದರೂ ಹೋಗುವಂಥವಲ್ಲ. "ನಮ್ಮೂರ ಬೋರ್‌ವೆಲ್ ಕೊಟ್ಟ ಉಡುಗೊರೆ ಕಣೇ. ಆ ನೀರಲ್ಲಿ ಫ್ಲೋರೈಡು ಜಾಸ್ತಿ" ಎಂದು ಅವರೇ ನನಗೆ ಹೇಳಿದ್ದರು.

ಅವರು ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ನಾನು ಅಕ್ಕ ಎನ್ನುತ್ತಿದ್ದೆ. ಅರಸೀಕೆರೆ ಕಡೆಯ ಬಯಲುಸೀಮೆಯಿಂದ ಮಲೆನಾಡಿನ ಹೆಗ್ಗದ್ದೆಯ ನಮ್ಮ ಮನೆಗೆ ಬಂದವರು. ಬಿ.ಎಸ್ಸಿ. ಕೊನೆಯ ವರ್ಷದಲ್ಲಿ ಮದುವೆಯಾಗಿ ಪರೀಕ್ಷೆ ಅಲ್ಲಿಗೇ ನಿಂತಿತ್ತು. ಕೆಮಿಸ್ಟ್ರಿ ಮಾತ್ರ ತಲೆಯಿಂದ ಇಳಿದಿರಲಿಲ್ಲ. ನೆಂಟರ ಮನೆಗೆ ಹೋದರೂ ಕಾಫಿಗೆ ಮೊದಲು ಒಂದು ಲೋಟ ನೀರು ಕೇಳಿ, ಬೆಳಕಿಗೆ ಹಿಡಿದು, "ಇದು ಬಾವೀದಾ, ಬೋರಿಂದಾ?" ಎಂದು ವಿಚಾರಿಸುವರು. ನಮ್ಮ ಮನೆಯ ಬಚ್ಚಲಿನಿಂದ ನಗುತ್ತಲೇ ಹೊರಬರುವರು: "ನಮ್ಮೂರಲ್ಲಿ ಗಡಸು ನೀರು, ನೊರೆ ಬರ್ಸೋಕೆ ಹೊಡೆದಾಡ್ಬೇಕು. ಇಲ್ಲಿ ಮೆದು ನೀರು, ನೊರೆ ಹೋಗ್ಸೋಕೆ ಹೊಡೆದಾಡ್ಬೇಕು!"

ತೊಂಬತ್ತರ ದಶಕದ ಕೊನೆಯಲ್ಲಿ ಮಾವ ಮನೆ ರಿಪೇರಿ ಮಾಡಿಸಿದರು. ಗುಡ್ಡದ ಒರತೆಯ ನೀರು ಹಿತ್ತಲ ತೊಟ್ಟಿಗೆ ಬರುತ್ತಿತ್ತು. ತೊಟ್ಟಿಯಿಂದ ಅಡುಗೆಮನೆಗೆ ಹೊಸದಾಗಿ ತಾಮ್ರದ ಪೈಪ್ ಹಾಕಿಸಿ, "ತಾಮ್ರದ ನೀರು ಮೈಗೆ ಒಳ್ಳೇದು" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಆಮೇಲೆ ಬಿಳಿ ಸಿಂಕಿನಲ್ಲಿ ನೀಲಿ-ಹಸಿರು ಕಲೆ ಕಾಣಿಸಿಕೊಂಡಿತು. ಮೂರು ವರ್ಷದ ನನ್ನ ಮಗ ಬೆಳಿಗ್ಗೆ ನೀರು ಕುಡಿದ ಕೂಡಲೇ ವಾಂತಿ ಮಾಡತೊಡಗಿದ. ಡಾಕ್ಟರರ ಔಷಧಿ ಹಿಡಿಯಲಿಲ್ಲ.

ಒರತೆಯಿದ್ದದ್ದು ಮೇಲುಮನೆಯವರ ತೋಟದ ಅಂಚಿನಲ್ಲಿ. ಅವರು ಮೆಣಸಿನ ಬಳ್ಳಿಗೆ ಮೈಲುತುತ್ತ ಕಲಸಿ ಹೊಡೆಯುತ್ತಿದ್ದರು. ಸಿಂಕಿನ ಕಲೆಯ ಹಾಗೆ ಅದೂ ನೀಲಿಯೇ, ಹೊಟ್ಟೆಗೆ ಹೋದರೆ ವಿಷ. "ಡ್ರಮ್ಮು ತೊಳ್ದು ಒರತೇಗೆ ಬುಟ್ಟವ್ನೆ! ಮಗೀನ ಸಾಯ್ಸಾಕೆ ನಿಂತವ್ನೆ!" ಎಂದು ಮಾವ ಅಂಗಳದಲ್ಲಿ ಕೂಗಾಡಿದರು. ಯಸಳೂರಿಗೆ ಹೋಗಿ ಪೊಲೀಸ್ ಕಂಪ್ಲೇಂಟ್ ಕೊಡುವುದೆಂದು ಅಂಗಿ ಹಾಕಿಕೊಂಡರು. ನಾನು ಮಗುವನ್ನು ಎತ್ತಿಕೊಂಡು ಅಳುತ್ತಾ ನಿಂತಿದ್ದೆ.

"ಇವತ್ತೊಂದಿನ ತಡೀರಿ ಮಾವ" ಎಂದರು ಅಕ್ಕ. ಮಾವನ ಮಾತಿಗೆ ಆ ಮನೆಯಲ್ಲಿ ಎದುರಾಡಿದವರಿರಲಿಲ್ಲ. ಆದರೂ ಅವರು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು.

ಮರುದಿನ ಮುಂಜಾನೆ ಅಕ್ಕ ಗುಡ್ಡ ಹತ್ತಿ ಒರತೆಯ ನೀರು ತಂದರು. ಅಡುಗೆಮನೆಯ ನಲ್ಲಿಯಿಂದ ಮೊದಲು ಬಂದ ನೀರನ್ನು ಇನ್ನೊಂದು ಪಾತ್ರೆಯಲ್ಲಿ ಹಿಡಿದರು. ಎರಡರಲ್ಲೂ ಸೋಪು ಹಾಕಿ ಒಂದೊಂದು ಬಿಳಿ ಬಟ್ಟೆ ಒಗೆದರು. ಒರತೆಯ ನೀರಿನದು ಬಿಳಿಯಾಗಿಯೇ ಇತ್ತು. ನಲ್ಲಿ ನೀರಿನದು ಹಸಿರುಗಟ್ಟಿತು.

"ಒರತೇಲಿ ಮೈಲುತುತ್ತ ಇದ್ದಿದ್ರೆ ಇದೂ ಹಸಿರಾಗ್ಬೇಕಿತ್ತಲ್ಲ ಮಾವ?"

"ಮತ್ತೆ ಎಲ್ಲಿಂದ ಬತ್ತು?"

ಅಕ್ಕ ತಮ್ಮ ಟ್ರಂಕಿನಲ್ಲಿದ್ದ ಕಾಲೇಜು ದಿನಗಳ ನೀಲಿ ಲಿಟ್ಮಸ್ ಕಾಗದವನ್ನು ಒರತೆಯ ನೀರಿಗೆ ಅದ್ದಿದರು. ಅದು ನಿಧಾನಕ್ಕೆ ಮಾಸಲು ಗುಲಾಬಿಗೆ ತಿರುಗಿತು. "ನಮ್ಮ ನೀರು ಸ್ವಲ್ಪ ಹುಳಿ ಮಾವ. ನಾಲಿಗೇಗೆ ಗೊತ್ತಾಗಲ್ಲ. ತೋಟಕ್ಕೆ ಸುಣ್ಣ ಯಾಕ್ ಹಾಕ್ತೀರಿ?"

"ಮಣ್ಣು ಹುಳಿ ಐತೆ ಅಂತ."

"ಆ ಮಣ್ಣಲ್ಲೇ ಇಳ್ಕೊಂಡು ಬರೋ ನೀರಿದು. ಹುಣಸೆಹಣ್ಣು ಹಾಕಿದ್ರೆ ತಾಮ್ರದ ಚೊಂಬು ಬೆಳಗಲ್ವಾ? ಹಂಗೇ ಈ ಹುಳಿ ನೀರೂ ರಾತ್ರಿಯೆಲ್ಲ ಪೈಪಲ್ಲಿ ನಿಂತು ತಾಮ್ರ ತಿಂತೈತೆ. ಬೆಳಿಗ್ಗೆ ಮಗು ಅದನ್ನೇ ಕುಡಿತೈತೆ."

ಮಾವ ಪೈಪನ್ನು ಕೈಯಿಂದ ಸವರಿ ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಮೇಲುಮನೆಯ ಕಡೆಗೆ ಗುಡ್ಡ ಹತ್ತಿದರು. ಏನಾಗುವುದೋ ಎಂದು ನಾವಿಬ್ಬರೂ ಕೈ ಹಿಡಿದುಕೊಂಡು ಕಾದೆವು. ಕೊನೆಗೆ ಮಾವನೂ ಮೇಲುಮನೆಯ ಯಜಮಾನರೂ, ಇಬ್ಬರು ಮುದುಕರೂ ಒಟ್ಟಿಗೇ ಇಳಿದು ಬಂದರು. ಮೇಲುಮನೆಯವರು ಜಗಲಿಯಲ್ಲಿ ಕೂತು, "ಮೈಲುತುತ್ತ ಏನ್ ಪುಕ್ಕಟೆ ಬತ್ತದಾ ಮಾರಾಯ, ನಿನ್ ಒರತೇಗೆ ಸುರಿಯಾಕೆ?" ಎಂದರು. ಮಾವ ನಕ್ಕುಬಿಟ್ಟರು.

ತಾಮ್ರದ ಪೈಪ್ ಕಿತ್ತು ಪ್ಲಾಸ್ಟಿಕ್ಕಿನದು ಹಾಕಿಸಿದೆವು. ಹುಳಿ ತಗ್ಗಲೆಂದು ಅಕ್ಕ ಹೇಳಿದಂತೆ, ಸುಟ್ಟರೆ ಸುಣ್ಣವಾಗುವ ಕಡಲಚಿಪ್ಪನ್ನು ಮೇಲುಮನೆಯವರೇ ಮಂಗಳೂರು ಕಡೆಯಿಂದ ತರಿಸಿ ತೊಟ್ಟಿಗೆ ಹಾಕಿಸಿದರು. ಮಗುವಿನ ವಾಂತಿ ನಿಂತಿತು. ಒಂದು ಸಂಜೆ ಮಾವ ಅಕ್ಕನನ್ನು ಕರೆದು, "ನಿಂತೋಗಿರೋ ಪರೀಕ್ಷೆ ಮತ್ತೆ ಬರೀಬೋದೇನಮ್ಮ?" ಎಂದು ಕೇಳಿದರು. ಅಕ್ಕ ಅವತ್ತು ಅತ್ತಷ್ಟು ಯಾವತ್ತೂ ಅತ್ತಿರಲಿಲ್ಲ. ಪರೀಕ್ಷೆ ಬರೆದರು, ಪಾಸಾದರು, ಮುಂದೆ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ಆದರು. "ಯಾರ ಮೇಲಾದ್ರೂ ತಪ್ಪು ಹೊರ್ಸೋ ಮುಂಚೆ, ನೀರು ಎಲ್ಲಿಂದ ಬತ್ತೈತೆ ಅಂತ ನಡ್ಕೊಂಡು ಹೋಗಿ ನೋಡ್ಬೇಕು ಕಣೇ" ಎಂದು ನನಗೂ ಹೇಳುತ್ತಿದ್ದರು, ಮಕ್ಕಳಿಗೂ ಹೇಳುತ್ತಿದ್ದರಂತೆ.

ಅಕ್ಕ ತೀರಿಹೋಗಿ ಕೆಲವು ವರ್ಷಗಳಾದವು. ಅವರ ಋಣ ನನ್ನ ಮೇಲೆ ಎಷ್ಟಿದೆ ಎಂದು ಕೇಳಿದವರಿಗೆ ಮೊದಲು ನನ್ನ ಮಗನನ್ನು ತೋರಿಸುತ್ತೇನೆ, ಈಗ ನನಗಿಂತ ಎತ್ತರದ ಆಳು. ಆಮೇಲೆ ಮೇಲುಮನೆಗೆ ಹತ್ತುವ ಕಾಲುದಾರಿಯನ್ನು ತೋರಿಸುತ್ತೇನೆ. ಎರಡೂ ಮನೆಯವರು ಓಡಾಡಿ ಓಡಾಡಿ ಅಲ್ಲಿ ಇವತ್ತಿಗೂ ಹುಲ್ಲು ಬೆಳೆದಿಲ್ಲ.