ಗಿರಗಿರನೆ ತಿರುಗುವ ಮರ್ಯಾದೆ

ಮನೆಗೆ ಅತಿಥಿಗಳು ಬಂದೊಡನೆ ಫ್ಯಾನಿನ ಗುಂಡಿಯನ್ನು ಐದಕ್ಕೇರಿಸುವುದು ಶಿವಬಸವ ನಗರದ ನಮ್ಮ ಮನೆಯ ಶಿಷ್ಟಾಚಾರ. ಬೆಳಗಾವಿಯ ಚಳಿಗೆ ಬಂದವರು ಶಾಲು ಎಳೆದುಕೊಳ್ಳುತ್ತಿದ್ದರೂ, ರೆಕ್ಕೆ ಕಾಣದಷ್ಟು ವೇಗವಾಗಿ ತಿರುಗದ ಫ್ಯಾನು ಅವರಿಗೆ ಮಾಡಿದ ಅವಮಾನವೆಂದೇ ನಮ್ಮ ಶ್ರದ್ಧೆ. ಮನೆಯೊಳಗೆ ಈ ಮೌಢ್ಯ ನಿರುಪದ್ರವಿ. ಅದೇ ಮೌಢ್ಯ ಜೀಪು ಹತ್ತಿ ಗುಡ್ಡಕ್ಕೆ ಹೋದರೆ ಏನಾಗುತ್ತದೆಂಬುದನ್ನು, ಓದುಗ ಮಹಾಶಯರೇ, ಎಂಬತ್ತರ ದಶಕದಲ್ಲಿ ಕಣ್ಣಾರೆ ಕಂಡೆ. ಆ ಸಿಟ್ಟು ಇನ್ನೂ ಆರಿಲ್ಲ.

ಆಗ ನಾನು ಇಂಜಿನಿಯರಿಂಗ್ ಕಾಲೇಜಿನ ಮಾಸ್ತರ. ಖಾನಾಪುರದಾಚೆ, ಗುಂಜಿಯ ಹತ್ತಿರದ ಹಳ್ಳಿಯೊಂದರ ಹೆರಿಗೆ ಕೋಣೆಗೆ ಇನ್ನೂ ಕರೆಂಟು ಬಂದಿರಲಿಲ್ಲ. ಪಕ್ಕದ ದಿನ್ನೆಯ ಮೇಲೆ ಗಾಳಿಯಂತ್ರ ನಿಲ್ಲಿಸಿ, ಬ್ಯಾಟರಿ ತುಂಬಿಸಿ, ಒಂದು ದೀಪ ಕೊಟ್ಟಿದ್ದೆವು. ಅದರ ಜೀವಾತ್ಮವೆಂದರೆ ನಾನು ಕಟ್ಟಿದ ತಗಡಿನ ಪೆಟ್ಟಿಗೆ. ಗಾಳಿ ಬದಲಾದಂತೆ ಚಕ್ರದ ವೇಗವೂ ಬದಲಾಗಬೇಕು. ಬ್ಯಾಟರಿಗಾಗಿ ಕರೆಂಟು ಎಳೆಯುವ ಭಾರ ಹೆಚ್ಚು ಹೇರಿದರೆ ಅದು ಮುಗ್ಗರಿಸುತ್ತದೆ, ಕಡಿಮೆಯಾದರೆ ಬರಿದೇ ಗಿರಗುಟ್ಟುತ್ತದೆ. ಪೆಟ್ಟಿಗೆ, ಕೂಸಿಗೆ ಉಣಿಸುವ ತಾಯಿಯಂತೆ, ಒಂದು ತುತ್ತು ಭಾರ ಕೊಟ್ಟು ನೋಡುತ್ತದೆ: ವಿದ್ಯುತ್ತು ಹೆಚ್ಚಿತೋ, ಇನ್ನೊಂದು; ಇಳಿಯಿತೋ, ಹಿಂದಕ್ಕೆ. ಹೀಗೆ ಆಯಾ ಗಾಳಿಯಿಂದ ಸಿಗುವಷ್ಟನ್ನೂ ಹಿಂಡಿಕೊಳ್ಳುವ ಚಕ್ರ ನೋಡುವುದಕ್ಕೆ ಮಾತ್ರ ತುಸು ನಿಧಾನ. ಹೊರೆ ಹೊತ್ತವರು ಯಾರು ತಾನೆ ಕುಣಿಯುತ್ತಾರೆ?

ಉದ್ಘಾಟನೆಗೆ ಬಂದ ದೊಡ್ಡ ಸಾಹೇಬರಿಗೆ ಈ ನಿಧಾನವೇ ಅಪಶಕುನವಾಯಿತು. "ಏನ್ರೀ ಮಾಸ್ತರ, ನಿಮ್ಮ ಯಂತ್ರಕ್ಕ ಈಗs ಮುಪ್ಪು ಬಂದೈತಲ್ಲ! ಜೋರ್ ಬಿಡ್ರಿ." ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಕೈಕೆಳಗಿನವನೊಬ್ಬ ಪೆಟ್ಟಿಗೆಯ ಸ್ವಿಚ್ಚು ಆರಿಸಿದ. ಭಾರ ಕಳಚಿದ ಚಕ್ರ ಉನ್ಮತ್ತವಾಗಿ ತಿರುಗಿತು. ಬ್ಯಾಟರಿಗೆ ಹೋಗುವ ಕರೆಂಟು ನಿಂತಿತು. ಸಭೆ ಚಪ್ಪಾಳೆ ತಟ್ಟಿತು. ಶೂನ್ಯೋತ್ಪಾದನೆಗೆ ಅಂಥ ಭಕ್ತಿಪೂರ್ವಕ ಕರತಾಡನವನ್ನು ನಾನು ಬೇರೆಲ್ಲೂ ಕೇಳಿಲ್ಲ. "ಇನ್ನೂ ಮಂದಿ ನೋಡಾಕ ಬರೋರದಾರ, ಹಿಂಗs ಇರಲಿ" ಎಂದು ಅಪ್ಪಣೆಯಾಯಿತು. ಕೆಲವೇ ದಿನಗಳಲ್ಲಿ ದೀಪ ಕೆಂಪಾಗಿ ಆರಿತು. ಹೆತ್ತ ತಾಯಿಯೊಬ್ಬಳಿಗೆ ಅಲ್ಲಿಯ ನರ್ಸಬಾಯಿ ಸೀಮೆಎಣ್ಣೆ ಚಿಮಣಿಯ ಬೆಳಕಿನಲ್ಲಿ ಹೊಲಿಗೆ ಹಾಕಬೇಕಾಯಿತು.

ಸುದ್ದಿ ತಿಳಿದು ಓಡಿದ ನನಗೆ ನರ್ಸಬಾಯಿಯಿಂದ ಸರಿಯಾದ ಮಂಗಳಾರತಿಯೇ ಆಯಿತು. "ಚಕ್ರಾ ಕುಣಿಯೂದು ನೋಡಿ ಕೂಸು ಹೊರಗ ಬರತೈತೇನ್ರಿ ಮಾಸ್ತರ? ಆ ಪೆಟಗಿ ಕಿತ್ತು ನನ್ನ ಖೋಲಿಯೊಳಗ ಬಡೀರಿ!" ಬಡಿದೆ, ಹೆರಿಗೆ ಕೋಣೆಯ ಗೋಡೆಗೇ, ಸ್ವಿಚ್ಚು ಹಾಕಿ.

ಮುಂದಿನ ಅತಿಥಿಗಳನ್ನು ಕರೆತಂದ ಸಾಹೇಬರು ಚಕ್ರದ ಮಂದಗತಿ ಕಂಡು, ಸ್ವಿಚ್ಚು ಹುಡುಕುತ್ತ ಹೆರಿಗೆ ಕೋಣೆಯ ಬಾಗಿಲಿಗೆ ಬಂದರು. ನರ್ಸಬಾಯಿ ಹೊಸ್ತಿಲಲ್ಲಿ ಅಡ್ಡ ನಿಂತರು. "ಒಳಗ ಹೆಣ್ಮಗಳು ಬ್ಯಾನಿ ತಿನ್ನಾಕತ್ತಾಳ್ರಿ. ಗಂಡಸೂರು ಅಲ್ಲೇ ನಿಂದರ್ರಿ." ಸರ್ಕಾರದ ಸಮಸ್ತ ಅಧಿಕಾರವೂ ಅಲ್ಲಿಗೆ ನಿಂತಿತು. ಯಂತ್ರಕರ್ತನೆಂಬ ಬಿಂಕದಲ್ಲಿ ನಾನು ಮುಂದೆ ಹೋದೆ. "ನೀವೇನ್ ಹೆಂಗಸರೇನ್ರಿ?" ಎಂದು ಬಾಗಿಲು ಹಾಕಿಕೊಂಡರು.

ಸಾಹೇಬರೂ ನಾನೂ ಅತಿಥಿಗಳೊಡನೆ ಹೊರಗಿನ ಕಟ್ಟೆಯ ಮೇಲೆ ಕುಳಿತೆವು. ಕತ್ತಲಾಗುತ್ತಿತ್ತು. ಸಾಹೇಬರು ದುರುಗುಟ್ಟಿ ನೋಡಿದರೂ ಚಕ್ರ ಅವರ ದರ್ಜೆಯನ್ನು ಲೆಕ್ಕಿಸದೆ ತನ್ನ ಗಾಳಿಗೆ ತಕ್ಕಂತೆ ತಿರುಗುತ್ತಿತ್ತು. ಕಿಟಕಿಯಲ್ಲಿ ಬೆಳಕು ಮೂಡಿತು. ಬಹಳ ಹೊತ್ತಿನ ಮೇಲೆ ಕೂಸಿನ ಅಳು ಕೇಳಿತು. ಸಾಹೇಬರು ಯಾಕೋ ಎದ್ದು ನಿಂತರು.

"ಮತ್ತ ಇದು ಜೋರ್ ತಿರಗೂದು ಯಾವಾಗ್ರಿ?" ಅತಿಥಿಯೊಬ್ಬರು ಕೇಳಿದರು.

"ಸುಮ್ಮನಿರ್ರಿ," ಎಂದರು ಸಾಹೇಬರು, "ಒಳಗ ದೀಪಾ ಉರಿಯಾಕತ್ತೈತಿ."