ನನ್ನ ನಾಲಗೆ, ಅತ್ತೆಯ ಮಚ್ಚು

ನಮ್ಮ ಮನೆಯಲ್ಲಿ ನನ್ನನ್ನು ಯಾರೂ ‘ಎಷ್ಟು’ ಎಂದು ಕೇಳುವ ಹಾಗಿರಲಿಲ್ಲ. ಎಷ್ಟು ಮುದ್ದೆ ಬೇಕು ಎಂದು ಮಾದೇವತ್ತೆ ಒಂದು ದಿನವೂ ಕೇಳಲಿಲ್ಲ. ನನ್ನ ಮುಖ ನೋಡಿ ಹಾಕುತ್ತಿದ್ದಳು. ಒಮ್ಮೆ ಪಕ್ಕದ ಮನೆಗೆ ಬಂದ ನೆಂಟನೊಬ್ಬ, ಪಾಪ, ಏನೂ ಅರಿಯದವನು, ಜಗಲಿಯ ಮೇಲೆ ಕೂತಿದ್ದ ನನ್ನನ್ನು “ಎಷ್ಟನೇ ಕ್ಲಾಸು ಮಗ?” ಎಂದುಬಿಟ್ಟ. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಹಿತ್ತಾಳೆ ಚೊಂಬು ಹಾರಿಬಂದು ಅವನ ಮೊಣಕಾಲಿಗೆ ಬಡಿಯಿತು. ಹಿಂದೆಯೇ ಅತ್ತೆ ಬಂದಳು.

“ಆರ್ನೇ ಕ್ಲಾಸು. ಇನ್ನೇನಾರ ಕೇಳೋದಿದ್ರೆ ನನ್ನ ಕೇಳು. ಕೂಸಿನ ಬಾಯ್ ಬುಡುಸ್‌ಬ್ಯಾಡ.”

ಅವನು ಮೊಣಕಾಲು ಉಜ್ಜಿಕೊಳ್ಳುತ್ತ, “ಏನವ್ವ, ಕ್ಲಾಸ್ ಕೇಳುದ್ರೆ ತಪ್ಪಾ?” ಎಂದ.

“ತಪ್ಪು ಅಂತ ಚೊಂಬು ಯೋಳ್ನಿಲ್ವಾ?”

ಮಾದೇವತ್ತೆ ನಮ್ಮಪ್ಪನ ಅಕ್ಕ. ಟಿ. ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರ ಬಾಳೆಹಣ್ಣು ಮಾರುತ್ತಿದ್ದಳು. ಗೊನೆಯಿಂದ ಚಿಪ್ಪು ಬಿಡಿಸುವ ಮಚ್ಚು ಸದಾ ಅವಳ ಸೊಂಟದ ಮಡಿಲಲ್ಲಿ, ಬೇರೆ ಹೆಂಗಸರು ಎಲೆಅಡಿಕೆ ಚೀಲ ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಗೋಣಿತುಂಡು ಸುತ್ತಿಕೊಂಡು ಇರುತ್ತಿತ್ತು. ಕೋಪ ಬಂದರೂ ಹೊಡೆಯುತ್ತಿದ್ದಳು, ಖುಷಿಯಾದರೂ ಹೊಡೆಯುತ್ತಿದ್ದಳು. ಏಟು ಬಿದ್ದ ಮೇಲೆಯೇ ಅದು ಯಾವುದು ಅಂತ ತಿಳಿಯಬೇಕು. ಮದುವೆಯಾದ ಹೊಸದರಲ್ಲಿ ಗಂಡ ಅವಳಿಗೆ ಒಂದು ಬಾರಿಸಿದನಂತೆ. ಇವಳು ತಿರುಗಿಸಿ ಬಾರಿಸಿದಳಂತೆ. ಅವನು ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೋದವನು ಮತ್ತೆ ಬರಲಿಲ್ಲ. “ಚಪ್ಲಿ ಸಿಗ್ದೆ ಓಗಿದ್ರೆ ಇನ್ನೂ ಇರೋನು,” ಎನ್ನುತ್ತಿದ್ದಳು.

ನಾನು ಅವಳ ಮನೆ ಸೇರಿದ್ದು ಹೇಗೆ ಎಂದು ಹೇಳಬೇಕು. ಆಗ ನಮ್ಮ ರಾಜ್ಯದಲ್ಲಿ ಒಂದಂಕಿ ಲಾಟರಿಯ ಕಾಲ. ಸೊನ್ನೆಯಿಂದ ಒಂಬತ್ತರೊಳಗೆ ಒಂದು ಅಂಕಿ ಹಿಡಿಯಬೇಕು. ದಿನಕ್ಕೆ ಹಲವು ಸಲ ಆಟ, ಹಲವು ಸಲ ಫಲಿತಾಂಶ. ಅಪ್ಪ ನಂಜನಗೂಡಿನ ಬಾಳೆಮಂಡಿಯಲ್ಲಿ ಗೊನೆ ಹೊರುತ್ತಿದ್ದ. ಹೊತ್ತದ್ದೆಲ್ಲ ಲಾಟರಿ ಅಂಗಡಿಗೆ ಹೋಗುತ್ತಿತ್ತು. ಅವ್ವ ನನ್ನನ್ನು ಹೆತ್ತು ಸ್ವಲ್ಪ ದಿನಕ್ಕೇ ಸತ್ತಿದ್ದಳು. ಬೆಳಿಗ್ಗೆ ನನ್ನ ತಲೆ ಬಾಚುತ್ತ ಅಪ್ಪ ಕೇಳುತ್ತಿದ್ದ: “ಒಂದ್ ನಂಬರ್ ಯೋಳು ಮಗ.” ಮಕ್ಕಳ ಬಾಯಲ್ಲಿ ದೇವರು ಮಾತಾಡುತ್ತಾನೆ ಎಂಬ ನಂಬಿಕೆ ಲಾಟರಿ ಆಡುವವರಲ್ಲೆಲ್ಲ ಇತ್ತು. ಒಂದು ದಿನ ಏಳು ಎಂದೆ. ಶಾಲೆಯಲ್ಲಿ ಏಳರ ಮಗ್ಗಿ ನಡೆಯುತ್ತಿತ್ತು, ಅಷ್ಟೆ. ಅದು ಹೊಡೆಯಿತು. ಮಾರನೆಯ ದಿನ ಹೇಳಿದ್ದೂ ಹೊಡೆಯಿತು.

ಆಮೇಲೆ ನನಗೆ ಶಾಲೆ ಇಲ್ಲ. ಅಂಗಡಿಯ ರಾಜಣ್ಣ ನನ್ನನ್ನು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ಸ್ಟೂಲಿನ ಮೇಲೆ ಕೂರಿಸಿದ. ತಲೆಯ ಮೇಲೆ ದಾರದುದ್ದಕ್ಕೂ ಕ್ಲಿಪ್ಪು ಹಾಕಿದ ಟಿಕೆಟುಗಳು ಪಟಪಟ ಎನ್ನುತ್ತಿದ್ದವು. ಸ್ಟೂಲಿನ ಕೆಳಗೆ ನನ್ನ ಪಾಟೀಚೀಲ. ಗಂಡಸರು ಬಂದು ನನ್ನ ನಾಲಗೆಯ ಮೇಲೆ ಬೆಲ್ಲ ಇಟ್ಟು ನಂಬರು ಕೇಳುತ್ತಿದ್ದರು. ಹೆಚ್ಚಿನವು ಸುಳ್ಳಾಗುತ್ತಿದ್ದವು. ಸುಳ್ಳಾದದ್ದನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಒಬ್ಬ ನೆನಪಿಟ್ಟುಕೊಂಡ. ಲಾರಿ ಡ್ರೈವರು. ಬೆಳಗಿನಿಂದ ನನ್ನ ಮಾತು ಕೇಳಿ ಸೋತಿದ್ದ. ಮಧ್ಯಾಹ್ನ ಬಂದು ನನ್ನ ಜುಟ್ಟು ಹಿಡಿದು, “ಈಗ ಸರ್ಯಾಗ್ ಯೋಳು,” ಎಂದ. ಹಸಿವು, ನಿದ್ದೆ, ಹೆದರಿಕೆ. ಬಾಯಿಗೆ ಬಂದದ್ದು ಹೇಳಿದೆ.

“ಹತ್ತು.”

ಒಂದಂಕಿಯಲ್ಲಿ ಹತ್ತು ಎಲ್ಲಿ ಬರುತ್ತದೆ? ಸುತ್ತ ಇದ್ದವರು ಗೊಳ್ಳೆಂದರು. ಗೇಲಿ ಮಾಡಿದೆನೆಂದುಕೊಂಡು ಅವನು ಕಾಲಿನದು ಕಳಚಿ ನನ್ನ ಮುಖಕ್ಕೆ ಬೀಸಿದ. ಸ್ಟೂಲು ಒಂದು ಕಡೆ, ನಾನೊಂದು ಕಡೆ. ತುಟಿ ಸೀಳಿ, ಮುಂದಿನ ಹಲ್ಲು ರಕ್ತದ ಜೊತೆ ಅಂಗೈಗೆ ಬಂತು. ಅಪ್ಪ ಅಲ್ಲೇ ಇದ್ದ. ನನ್ನನ್ನು ಎತ್ತಿದ. ಎತ್ತಿ, ಮತ್ತೆ ಸ್ಟೂಲಿನ ಮೇಲೆ ಕೂರಿಸಿ, ಡ್ರೈವರಿಗೆ ಹೇಳಿದ: “ಇನ್ನೊಂದ್ ಸಲ ಕೇಳಣ್ಣ. ಈ ಸಲ ಸರ್ಯಾಗ್ ಯೋಳ್ತದೆ.”

ಬಾಳೆಗೊನೆ ಕೊಳ್ಳಲು ನಂಜನಗೂಡಿಗೆ ಬಂದಿದ್ದ ಅತ್ತೆ ಟೆಂಪೋದಿಂದ ಇಳಿದದ್ದು ಆ ಮಾತಿಗೆ ಸರಿಯಾಗಿ. ಅವಳು ಕೂಗಾಡಲಿಲ್ಲ. ಮಡಿಲಿಂದ ಮಚ್ಚು ತೆಗೆದಳು, ಗೋಣಿತುಂಡು ಬಿಚ್ಚಿ ಬಿಸಾಕಿದಳು. ಮೊದಲ ಏಟು ದಾರಕ್ಕೆ. ಟಿಕೆಟುಗಳೆಲ್ಲ ಒಟ್ಟಿಗೆ ನನ್ನ ತಲೆಯ ಮೇಲೆ ಸುರಿದವು. ಎರಡನೆಯದು ಮಚ್ಚಿನ ಹಿಂಬದಿಯಿಂದ ಡ್ರೈವರನ ಹೆಗಲಿಗೆ. ಅವನು ಕುಸಿದು ಕೂತವನು ಏಳಲಿಲ್ಲ. ಗಲ್ಲಾಪೆಟ್ಟಿಗೆ ಉರುಳಿತು. ರಾಜಣ್ಣ “ಅಕ್ಕೋ, ಸರ್ಕಾರದ್ ಲೈಸೆನ್ಸ್ ಅದೆ ಕಣಕ್ಕೋ!” ಎಂದು ಬಡಿದುಕೊಂಡ. “ಅದುನ್ನೂ ತತ್ತಾ, ಅದ್ಕೂ ಒಂದ್ ಮಡಗ್ತೀನಿ,” ಎಂದಳು. ಆಮೇಲೆ ಅಪ್ಪನ ಬಲಗೈ ಹಿಡಿದು ಹಲಗೆಯ ಮೇಲೆ ಒತ್ತಿದಳು.

“ನಂಜುಂಡ, ಗೊನೆ ಒರೋ ಕೈ ಅಂತ ಇಷ್ಟ್ ದಿನ ಸುಮ್ನಿದ್ದೆ ಕಣ್ಲಾ.”

ಮಚ್ಚಿನ ಹಿಂಬದಿ ಬೆರಳುಗಳ ಮೇಲೆ ಬಿದ್ದ ಸದ್ದು ನನಗೆ ಇವತ್ತಿಗೂ ಕೇಳಿಸುತ್ತದೆ. ಒಣಗಿದ ಸೀಗೆಕಾಯಿ ಮುರಿದ ಹಾಗೆ. ಅಪ್ಪ ಕಿರುಚಿದ. ಅತ್ತೆ ನನ್ನನ್ನು ಸೊಂಟಕ್ಕೆ ಏರಿಸಿಕೊಂಡು, ಪಾಟೀಚೀಲ ಕೈಗೆ ಸಿಕ್ಕಿಸಿಕೊಂಡು, ನರಸೀಪುರದ ಬಸ್ ಹತ್ತಿದಳು. ಅರ್ಧ ಟಿಕೆಟೋ ಪೂರ್ತಿಯೋ ಎಂದು ತಿಳಿಯಲು ಕಂಡಕ್ಟರು, “ಎಷ್ಟು ವರ್ಷ ಮಗ ನಿಂಗೆ?” ಎಂದು ನನ್ನ ಕಡೆ ಬಾಗಿದ.

“ಅದುನ್ನ ಕೇಳ್‌ಬ್ಯಾಡ,” ಎಂದಳು ಅತ್ತೆ. “ಇನ್ ಮೇಕೆ ಅದುನ್ನ ಯಾರೂ ಕೇಳಂಗಿಲ್ಲ.”

ನಮ್ಮ ಮನೆಯ ಕಾನೂನು ಅಂದು ಬಸ್ಸಿನಲ್ಲೇ ಜಾರಿಗೆ ಬಂತು.

ಪ್ಲಾಸ್ಟರ್ ಕೈಯಲ್ಲಿ ಅಪ್ಪ ಇಬ್ಬರನ್ನು ಕಟ್ಟಿಕೊಂಡು ನನ್ನನ್ನು ಕರೆದೊಯ್ಯಲು ಬಂದ. ಅತ್ತೆ ಬಾಗಿಲಲ್ಲಿ ಕುದಿಯುವ ಎಸರಿನ ಪಾತ್ರೆ ಹಿಡಿದು ನಿಂತಳು. “ನನ್ ಮಗಳು, ಕೊಡು,” ಎಂದ ಅಪ್ಪ. “ಮಗಳೋ, ಟಿಕೀಟೋ?” ಎಂದಳು. ಜೊತೆಗೆ ಬಂದವನೊಬ್ಬ ಹೊಸಿಲು ದಾಟಿದ. ಎಸರು ಅವನ ಪಾದಕ್ಕೆ ಬಿತ್ತು. ಅಪ್ಪ ಆಮೇಲೆ ಊರಲ್ಲೇ ಕಾಣಲಿಲ್ಲ. ಶುಂಠಿ ಕೆಲಸಕ್ಕೆ ಕೇರಳದ ಕಡೆ ಹೋದನೆಂದು ಸುದ್ದಿ ಬಂತು.

ಶಾಲೆಗೆ ಸೇರಿಸಿದ ದಿನ ಅತ್ತೆ ಮೇಷ್ಟರಿಗೂ ಷರತ್ತು ಹಾಕಿದಳು. “ಸಾ, ಮಗ್ಗೀನ ಎಲ್ರು ಜೊತೇಲಿ ಯೋಳ್ಳಿ. ಒಂಟಿಯಾಗಿ ಯೋಳುಸ್‌ಬ್ಯಾಡಿ.”

“ಯಾಕಮ್ಮ?”

“ಎಲ್ರು ಬಾಯಲ್ಲಿ ಬಂದ್ರೆ ಯಾರುದ್ದು ಅಂತ ಗೊತ್ತಾಗಕಿಲ್ಲ.”

ಮೇಷ್ಟರು ಅವಳ ಸೊಂಟದ ಕಡೆ ನೋಡಿ ಒಪ್ಪಿಕೊಂಡರು. ಯಾರಾದರೂ ಕೇಳಿಸಿಕೊಂಡು ಮತ್ತೆ ನನ್ನನ್ನು ಸ್ಟೂಲಿಗೆ ಎಳೆದಾರು ಎಂಬ ಭಯ ಅವಳಿಗೆ ಎಂದು ನಾನು ತಿಳಿದಿದ್ದೆ. ಬಾಯಲ್ಲಿ ಹೇಳದ ಲೆಕ್ಕವನ್ನೆಲ್ಲ ಬರೆದೆ. ಹಾಗೆ ಬರೆಯುತ್ತಲೇ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿ.ಎ. ನಮ್ಮ ವಂಶದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಬಾಳೆಯ ಕರೆ ಹತ್ತಿದ ಲಂಗದಲ್ಲೇ ಕಾಲೇಜಿಗೆ ಹೋಗಿ ಸಂಪಾದಿಸಿದ್ದು. ರಿಸಲ್ಟ್ ಬಂದ ದಿನ ಅತ್ತೆ ಬೆನ್ನಿಗೆ ಗುದ್ದಿದ ಗುದ್ದಿಗೆ ನಾನು ಗೊನೆಗಳ ರಾಶಿಯ ಮೇಲೆ ಬಿದ್ದೆ.

ಎಂ.ಎ. ಮುಗಿಸಿ ಅರ್ಥಶಾಸ್ತ್ರ ಪಾಠ ಮಾಡಲು ತೊಡಗಿದೆ. ಆ ಹೊತ್ತಿಗೆ ನಮ್ಮ ರಾಜ್ಯದಲ್ಲಿ ಲಾಟರಿ ನಿಂತುಹೋಗಿತ್ತು. ಸರ್ಕಾರಗಳು ಎಲ್ಲೆಲ್ಲಿಂದ ಹಣ ಎತ್ತುತ್ತವೆ ಎಂಬ ಪಾಠಕ್ಕಾಗಿ ಅಮೆರಿಕದ ಲಾಟರಿಗಳ ಬಗ್ಗೆ ಓದಿಕೊಂಡೆ. ಒಂದು ಸಂಜೆ, ಅತ್ತೆ ಚಿಪ್ಪು ಬಿಡಿಸುತ್ತಿದ್ದಾಗ, ಅದನ್ನೇ ಹೇಳಿದೆ. ಅಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು ಅತ್ತೆ. ಜಾರ್ಜಿಯಾ ಅಂತ ಒಂದಿದೆ, ಅಲ್ಲಿ ಲಾಟರಿ ಲಾಭದಲ್ಲಿ ಮಕ್ಕಳಿಗೆ ಕಾಲೇಜು ಫೀಸು ಕಟ್ಟುತ್ತಾರೆ. ಪೆನ್ಸಿಲ್ವೇನಿಯಾದಲ್ಲಿ ವಯಸ್ಸಾದವರ ಔಷಧಿಗೆ, ಬಸ್ಸಿಗೆ. ಯೂಟಾದಲ್ಲಿ ಲಾಟರಿಯೇ ಕೂಡದು. ಜೂಜಿಗೇ ಹೆಸರಾದ ನೆವಾಡಾದಲ್ಲಿ ಜೂಜುಮನೆ ಬೀದಿ ತುಂಬ ಇವೆ, ಸರ್ಕಾರಿ ಲಾಟರಿ ಮಾತ್ರ ಇಲ್ಲ. ಕೆಲವು ಕಡೆ ಗೆದ್ದವರ ಹೆಸರು ಹೇಳಲೇಬೇಕು, ಕೆಲವು ಕಡೆ ಮುಚ್ಚಿಡಬಹುದು.

ಮಚ್ಚು ನಿಂತಿತು. “ಕಾಲೇಜ್ ಫೀಸಾ?”

“ಹೂಂ.”

“ಸೋತೋನ್ ದುಡ್ಡಲ್ಲಿ?”

“ಎಲ್ಲಾ ಕೊಂಡವರ ದುಡ್ಡಲ್ಲಿ.”

“ಓದೋ ಐಕ್ಳಲ್ಲಿ ಸೋತೋನ್ ಮಗಳೂ ಅವ್ಳಾ? ಇಲ್ಲ, ಅವಳು ಸ್ಟೂಲ್ ಮ್ಯಾಲೆ ಕುಂತವ್ಳಾ?”

ನಾನೂ ಬಿಡಲಿಲ್ಲ. “ಅಲ್ಲಿ ಚಿಕ್ಕ ಮಕ್ಕಳಿಗೆ ಟಿಕೆಟ್ ಮಾರಂಗಿಲ್ಲ ಅತ್ತೆ. ಎಲ್ಲದಕ್ಕೂ ಕಾನೂನಿದೆ. ದುಡ್ಡು ಎಲ್ಲಿಗೆ ಹೋಗಬೇಕು ಅಂತ ಬರೆದಿಟ್ಟಿದ್ದಾರೆ. ನಮ್ಮಲ್ಲೂ ಹಾಗೆ ಬರೆದಿದ್ದರೆ...”

“ಬರ್ದಿದ್ರೆ? ನಿನ್ ಮುಂದಿನ್ ಅಲ್ಲು ವಾಪಸ್ ಬತ್ತಿತ್ತಾ?” ಹಣ್ಣು ಬಿಡಿಸಿದ ದಿಂಡು ನನ್ನ ಕಿವಿಯ ಪಕ್ಕದಲ್ಲಿ ಹಾದು ಗೋಡೆಗೆ ಬಡಿಯಿತು. ಅಂದು ರಾತ್ರಿ ಅವಳು ತಟ್ಟೆಯನ್ನು ನನ್ನ ಮುಂದೆ ಕುಕ್ಕಿದಳು. ಮುದ್ದೆ ಮಾತ್ರ ನನ್ನ ಹಸಿವಿನಷ್ಟೇ ಬಿತ್ತು.

ಅಮೆರಿಕದವರೆಗೆ ಹೋಗಬೇಕಾಗಿಯೂ ಇರಲಿಲ್ಲ. ಗುಂಡ್ಲುಪೇಟೆ ದಾಟಿ ಕಾಡು ದಾಟಿದರೆ ಕೇರಳ, ಅಲ್ಲಿ ಸರ್ಕಾರವೇ ಲಾಟರಿ ನಡೆಸುತ್ತದೆ. ಅಪ್ಪ ಸುಲ್ತಾನ್ ಬತ್ತೇರಿಯಲ್ಲಿದ್ದಾನೆ ಎಂದು ಗೊತ್ತಾಗಿ ಹುಡುಕಿಕೊಂಡು ಹೋದೆ. ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಮಾರುತ್ತಿದ್ದ. ಸೊಟ್ಟಗೆ ಕೂಡಿಕೊಂಡ ಬೆರಳುಗಳ ಸಂದಿಗೆ ಟಿಕೆಟ್ ಕಂತೆ ಸಿಕ್ಕಿಸಿಕೊಂಡಿದ್ದ, ಕ್ಲಿಪ್ಪೇ ಬೇಕಿರಲಿಲ್ಲ.

“ಈ ಕೈ ನೋಡ್ಬುಟ್ಟು ಜನ ನನ್ ತಾವೇ ತಕತಾರೆ ಮಗ,” ಎಂದ. “ಅಕ್ಕ ಮುರ್ದಿದ್ದೇ ಅನ್ನ ಆಗ್ಯದೆ. ಓದ್ ವರ್ಸ ಎದೆ ಆಪ್ರೇಸನ್ ಆಯ್ತು. ಲಾಟ್ರಿ ದುಡ್ಡಲ್ಲೇ ಸರ್ಕಾರ ಮಾಡುಸ್ತು.” ನನ್ನ ಬಾಯಿಯ ಕಡೆ, ಮುಂದಿನ ಹಲ್ಲಿಲ್ಲದ ಸಂದಿಯ ಕಡೆ ನೋಡಿ ತಲೆ ತಗ್ಗಿಸಿದ. ನಂಬರು ಕೇಳಲಿಲ್ಲ.

ಇದನ್ನು ಅತ್ತೆಗೆ ಹೇಳಿದೆ. ಬಹಳ ಹೊತ್ತು ಮಚ್ಚನ್ನು ಕಲ್ಲಿಗೆ ಮಸೆದಳು. “ಉಣ್ಲಿ,” ಎಂದಳು ಕೊನೆಗೆ. “ಆ ಸರ್ಕಾರ ಎದುರ್ಗೆ ಸಿಕ್ರೆ ಮಾತ್ರ ಒಂದ್ ಮಡಗ್ದೆ ಬುಡಾಕಿಲ್ಲ.”

ಹೋದ ವರ್ಷ ಅವಳಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮಚ್ಚನ್ನು ತಲೆದಿಂಬಿನ ಕೆಳಗೆ ಇಡಿಸಿಕೊಂಡಳು. ಗಂಜಿ ತಿನ್ನಿಸುವವಳು ನಾನು. ಒಂದು ಬೆಳಿಗ್ಗೆ ಬಾಯಿ ಒರೆಸುತ್ತಿದ್ದಾಗ, ತೊದಲುತ್ತ, “ಒಂದ್ ನಂಬರ್ ಯೋಳು ಮಗ,” ಎಂದಳು.

“ಏನತ್ತೆ?”

“ಇನ್ ಎಷ್ಟ್ ದಿಸ ಅಂತ. ನಿನ್ ಬಾಯಲ್ಲಿ ಬಂದುದ್ದು ನಡೀತದೆ.”

“ನೀನೂ ಅದನ್ನ ನಂಬ್ತೀಯಾ? ನೀನೇ ತಾನೆ ಮಚ್ಚು ಹಿಡ್ಕೊಂಡು...”

“ನಂಬಿದ್ಕೇ ಮಚ್ಚ್ ಇಡ್ದಿದ್ದು ಕಣವ್ವ,” ಎಂದಳು. “ಸುಳ್ಳಾಗಿದ್ರೆ ನಿಮ್ಮಪ್ಪಂಗೆ ಒಂದ್ ಕಪಾಳುಕ್ ಕೊಟ್ಟು ಬತ್ತಿದ್ದೆ. ದೇವ್ರು ಕುಂತಿರೋ ನಾಲ್ಗೇನ ಆ ಮುಂಡೇವು ಬೆಲ್ಲುಕ್ಕೆ ಕೊಳ್ತಾ ಇದ್ವು. ಅದುನ್ನ ಯಾರೂ ಮುಟ್ಟಕೂಡ್ದು ಅಂತ ಮಡಗ್ಕಂಡಿದ್ದೆ. ಈಗ ನಂಗ್ ಬೇಕು. ಯೋಳು.”

ಇಷ್ಟು ವರ್ಷ ನಾನು ಅವಳನ್ನು ಏನೆಂದು ತಿಳಿದಿದ್ದೆ? ಊರಿಗೆಲ್ಲ ಹಿಡಿದ ಹುಚ್ಚು ಹಿಡಿಯದ ಒಬ್ಬಳೇ ಹೆಂಗಸು ಎಂದು. ನನ್ನ ಓದು, ನನ್ನ ಡಿಗ್ರಿ, ನನ್ನ ಕೆಲಸ ಎಲ್ಲ ಆ ನಂಬಿಕೆಯ ಮೇಲೆ ನಿಂತದ್ದೆಂದು. ನಿಂತದ್ದು ಅದೇ ಹುಚ್ಚಿನ ಮೇಲೆ. ಅವಳ ಕಣ್ಣು ನನ್ನ ಬಾಯಿಯ ಮೇಲೇ ಇತ್ತು. ಆ ಲಾರಿ ಡ್ರೈವರನಿಗೆ ಹೇಳಿದ್ದೇ ಬಾಯಿಗೆ ಬಂತು.

“ಹತ್ತು,” ಎಂದೆ.

ಅವಳ ಸೊಟ್ಟ ಬಾಯಿ ನಿಧಾನವಾಗಿ ಅರಳಿತು. “ಆಟದಲ್ಲೇ ಇಲ್ದುದ್ ಯೋಳ್ತೀಯ, ಕಳ್ಳ್ ಮುಂಡೆ,” ಎಂದು ಎಡಗೈ ಎತ್ತಿ ನನ್ನ ಕೆನ್ನೆಗೆ ಬಾರಿಸಿದಳು. ಗಂಜಿ ಚೆಲ್ಲಿತು. ಯಾವ ಏಟು ಅದು ಎಂದು ನನಗೆ ತಿಳಿಯಿತು.

ಆಮೇಲೆ ಅವಳು ಎಷ್ಟು ದಿನ ಬದುಕಿದಳು ಎಂದು ಸಾವಿಗೆ ಬಂದವರೆಲ್ಲ ಕೇಳಿದರು. ಆ ಮನೆಯಲ್ಲಿ ನನ್ನನ್ನು ಹಾಗೆ ಕೇಳಕೂಡದು. ನಾನು ಮಚ್ಚಿನ ಕಡೆ ನೋಡಿದೆ.